ಮೇಷ್ಟ್ರಿಗೆ ಮೇಷ್ಟ್ರೇ ಕಲಿಸಬೇಕು

ಮದಲೂರು ಎಂದರೆ ರಾಜ್ಯದ ಬಹಳ ಜನರಿಗೆ ನೆನಪಾಗುವುದು ಕೆರೆ. ಶಿರಾ ತಾಲ್ಲೂಕಿನ ಈ ದೊಡ್ಡ ಕೆರೆಗೆ ಹೇಮಾವತಿ ನೀರು ಹರಿಸುವ ಮಾತು 2020ರ ನವೆಂಬರ್‌ನ ಉಪಚುನಾವಣೆಯ ಪ್ರಚಾರದಲ್ಲಿ ಎಷ್ಟು ಸದ್ದು ಮಾಡಿತೆಂದರೆ, ಮದಲೂರನ್ನು ಕಾಣದವರ ಬಾಯಲ್ಲೂ ಅದರ ಹೆಸರು ಓಡಾಡಿತು. ನಾನು ಇಲ್ಲಿ ಆ ಕೆರೆಯನ್ನೇ ಹಿಡಿದು ಹೊರಡುತ್ತೇನೆ. ವಿಷಯ ಮಾತ್ರ ನೀರಾವರಿಯದ್ದಲ್ಲ, ಶಾಲೆಯದ್ದು.

ಈ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಐದನೇ ತರಗತಿಗೆ ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಎಂದುಕೊಳ್ಳಿ. ಮೇಷ್ಟ್ರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ದಾನಿಗಳು ಕೊಟ್ಟ ಟಿವಿ ಗೋಡೆಯ ಮೇಲಿದೆ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚೆಗಿನ ಉಪಗ್ರಹ ಚಿತ್ರಗಳನ್ನು ವರ್ಷ ವರ್ಷವೂ ಹಿಂದಕ್ಕೆ ಮುಂದಕ್ಕೆ ಸರಿಸಿ ನೋಡಬಹುದು. ತಮ್ಮೂರಿನ ಕೆರೆ ಯಾವ ವರ್ಷ ತುಂಬಿತ್ತು, ಯಾವ ವರ್ಷ ಬರಿದಾಗಿತ್ತು, ಅಂಗಳದೊಳಗೆ ಜಾಲಿ ಎಲ್ಲಿಯವರೆಗೆ ಬಂತು ಎಂದು ಮಕ್ಕಳು ಕಣ್ಣಾರೆ ಕಂಡು ಹೇಳಬಹುದು. ಗೊರೂರಿನ ಜಲಾಶಯದಿಂದ ಹೊರಟ ನೀರು ಕಳ್ಳಂಬೆಳ್ಳ ದಾಟಿ, ಶಿರಾ ದಾಟಿ ಇಲ್ಲಿಗೆ ಬರುವ ದಾರಿಯನ್ನು ಬೆರಳಿನಲ್ಲಿ ಎಳೆದು ತೋರಿಸಬಹುದು. ಕೆರೆಯ ಸುತ್ತ ಗೆರೆ ಎಳೆದರೆ ವಿಸ್ತೀರ್ಣ ತಾನೇ ಬರುತ್ತದೆ. ಅದನ್ನು ಎಕರೆ, ಗುಂಟೆಗೆ ತಿರುಗಿಸಿದರೆ ಅಂದಿನ ಗಣಿತವೂ ಮುಗಿಯಿತು. ಕೊನೆಗೆ ಅಜ್ಜ ಅಜ್ಜಿಯರನ್ನು ಕೇಳಿ ಬನ್ನಿ, ನೀವು ಚಿಕ್ಕವರಿದ್ದಾಗ ಕೋಡಿ ಬಿದ್ದದ್ದು ಯಾವಾಗ ಎಂದು ಕೇಳಿ ಎಂದರೆ, ಮರುದಿನದ ಪಾಠವನ್ನು ಊರೇ ಮಾಡುತ್ತದೆ.

ಈ ಪಾಠಕ್ಕೆ ಖರ್ಚಿಲ್ಲ. ಹೊಸ ಯಂತ್ರ ಬೇಕಿಲ್ಲ. ಆದರೂ ಇಂಥ ಪಾಠ ನಮ್ಮ ಶಾಲೆಗಳಲ್ಲಿ ಅಪರೂಪ. ಯಾಕೆ?

ಇದಕ್ಕೆ ಮೇಷ್ಟ್ರಿಗೆ ಏನೇನು ಗೊತ್ತಿರಬೇಕು, ಲೆಕ್ಕ ಹಾಕಿ. ಆ್ಯಪ್ ತೆರೆದು ಊರನ್ನು ಹುಡುಕುವುದು ಒಂದು. ಅದು ಅರ್ಧ ಗಂಟೆಯ ಕಲಿಕೆ. ಶಾಲೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಎಂದು ಗೊತ್ತಿದ್ದು, ಹಿಂದಿನ ರಾತ್ರಿಯೇ ನಾಲ್ಕು ವರ್ಷದ ನಾಲ್ಕು ಚಿತ್ರಗಳನ್ನು ಫೋನಿನಲ್ಲಿ ಉಳಿಸಿಟ್ಟುಕೊಳ್ಳುವುದು ಇನ್ನೊಂದು. ಮೇಲಿನಿಂದ ತೆಗೆದ ಚಿತ್ರವನ್ನು ಹತ್ತು ವರ್ಷದ ಮಗು ಹೇಗೆ ಓದುತ್ತದೆ, ಎಲ್ಲಿ ತಪ್ಪು ತಿಳಿಯುತ್ತದೆ ಎನ್ನುವ ಅಂದಾಜು ಮೂರನೆಯದು. ಚಿತ್ರ ನೋಡಿ ‘ವಾಹ್’ ಎಂದು ಮುಗಿಯದಂತೆ ಮುಂದಿನ ಪ್ರಶ್ನೆ ಹಾಕುವುದು ನಾಲ್ಕನೆಯದು. ಫೋನು ಯಾವಾಗಲೂ ಒಬ್ಬನೇ ಚುರುಕು ಹುಡುಗನ ಕೈಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಐದನೆಯದು. ನಮ್ಮ ಹೆಚ್ಚಿನ ತರಬೇತಿಗಳು ಮೊದಲನೆಯದನ್ನು ಹೇಳಿಕೊಟ್ಟು ಪ್ರಮಾಣಪತ್ರ ಕೊಟ್ಟುಬಿಡುತ್ತವೆ.

ಇದನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ವಿಷಯ ಬಲ್ಲವರೆಲ್ಲ ಅದನ್ನು ಕಲಿಸಬಲ್ಲವರಲ್ಲ, ಕಲಿಸುವುದಕ್ಕೆಂದೇ ಬೇರೊಂದು ಬಗೆಯ ತಿಳಿವಳಿಕೆ ಇದೆ ಎಂದು ಲೀ ಶುಲ್ಮನ್ 1986ರಲ್ಲಿ ಬರೆದರು. ಇಪ್ಪತ್ತು ವರ್ಷದ ನಂತರ, 2006ರಲ್ಲಿ, ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನವನ್ನು ಸೇರಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಮೂರನ್ನೂ ಬೇರೆ ಬೇರೆ ಕಲಿಸಿದರೆ ಸಾಲದು, ಮೂರೂ ಒಂದೇ ಪಾಠದಲ್ಲಿ ಸೇರುವ ಜಾಗವನ್ನು ಕಲಿಸಬೇಕು ಎನ್ನುವುದು ಅವರ ವಾದ. ಆ ಜಾಗ ಪ್ರತಿ ಪಾಠಕ್ಕೂ, ಪ್ರತಿ ಊರಿಗೂ ಬೇರೆ. ಹಾಗಾಗಿ ಬೆಂಗಳೂರಿನಲ್ಲಿ ಒಮ್ಮೆ ತಯಾರಿಸಿ ರಾಜ್ಯಕ್ಕೆಲ್ಲ ಹಂಚಿದರೆ ಅದು ಸಿಕ್ಕುವುದಿಲ್ಲ.

ನಾವು ಹಂಚುತ್ತಲೇ ಬಂದೆವು. 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಬಂತು. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ಬಂತು, ಕಲಿಸಲು ಖಾಸಗಿ ತರಬೇತಿ ಸಂಸ್ಥೆಗಳ ಬೋಧಕರು ಬಂದರು. ಕೇಂದ್ರದ ಐಸಿಟಿ ಯೋಜನೆ 2004ರಲ್ಲಿ ಶುರುವಾಗಿ ಹಂತ ಹಂತವಾಗಿ ಇಲ್ಲಿಗೂ ಬಂದಾಗ ಅದೇ ಪದ್ಧತಿ ಮುಂದುವರಿಯಿತು. ಗುತ್ತಿಗೆದಾರ ಕಂಪನಿ ಕೊಠಡಿ ಕಟ್ಟಿ, ಯಂತ್ರ ಹಾಕಿ, ತನ್ನ ಬೋಧಕನನ್ನು ಇಟ್ಟು ಕೆಲವು ವರ್ಷ ನಡೆಸುವುದು, ಆಮೇಲೆ ಶಾಲೆಗೆ ವಹಿಸಿ ಹೊರಡುವುದು. ಅಷ್ಟೂ ವರ್ಷ ಶಾಲೆಯ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್ ಆ ಕೊಠಡಿಯ ಹೊರಗೇ ಉಳಿದರು. ಅದು ‘ಕಂಪ್ಯೂಟರ್ ಸರ್’ ಅವರ ಕೊಠಡಿ. ಗುತ್ತಿಗೆ ಮುಗಿದು ಅವರು ಹೋದ ಮೇಲೆ ಬೀಗದ ಕೈ ಮುಖ್ಯ ಶಿಕ್ಷಕರ ಬೀರುವಿಗೆ ಸೇರಿತು. ಬ್ಯಾಟರಿ ಸತ್ತಿತು. ಎಷ್ಟು ಶಾಲೆಗಳಲ್ಲಿ ಈ ಕಥೆ ನಡೆದಿದೆ ಎಂದು ಹಳೆಯ ಶಿಕ್ಷಕರನ್ನು ಕೇಳಿದರೆ ನೋವಿನಿಂದ ಹೇಳುತ್ತಾರೆ.

ಪ್ರಾಥಮಿಕ ಶಾಲೆಗಳ ಪಾಲಿಗೆ ಬಂದದ್ದು ಇನ್ನೂ ಕಡಿಮೆ. ಶಿಕ್ಷಣಕ್ಕೆಂದೇ ಇಸ್ರೊ 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬಂತು. ದೊಡ್ಡ ಆಸೆಯ ಕೆಲಸ ಅದು, ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪಾಠದಲ್ಲಿ ತರಗತಿಯ ಶಿಕ್ಷಕಿಗೆ ಉಳಿದ ಪಾತ್ರವೆಂದರೆ ಟಿವಿ ಹಾಕುವುದು, ಆರಿಸುವುದು, ಮಕ್ಕಳನ್ನು ಸುಮ್ಮನೆ ಕೂರಿಸುವುದು. ಅದಕ್ಕಿಂತ ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಕಾರ್ಯಕ್ರಮಗಳೇ ವಾಸಿ ಎನ್ನುತ್ತೇನೆ. ಅಲ್ಲಿ ಹಾಡಿಗೆ, ಆಟಕ್ಕೆ ಟೀಚರ್ ಕೈ ಸೇರಬೇಕಿತ್ತು.

ಪೆರು ದೇಶ ಇದೇ ಪಾಠವನ್ನು ದುಬಾರಿ ಬೆಲೆಗೆ ಕಲಿಯಿತು. ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಡಿ ಅಲ್ಲಿನ ಹಳ್ಳಿ ಶಾಲೆಗಳಿಗೆ ಯಂತ್ರಗಳು ಹೋದವು. 319 ಶಾಲೆಗಳನ್ನು ಅಳೆದು ನೋಡಿದ ಅಧ್ಯಯನ 2012ರಲ್ಲಿ ಹೊರಬಂದಾಗ, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಹೆಚ್ಚಿದ ಕುರುಹು ಸಿಗಲಿಲ್ಲ. ನಮ್ಮಲ್ಲೇ, ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದ ಕೆಂಟಾರೊ ಟೊಯಾಮ ಮತ್ತು ಸಂಗಡಿಗರು ಸರ್ಕಾರಿ ಶಾಲೆಗಳಿಗೆ ಹೋಗಿ, ಒಂದು ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ ಪ್ರತಿ ಮಗುವಿಗೂ ಒಂದು ಕೊಡುವ ಪ್ರಯೋಗ ಮಾಡಿದರು. ಮೌಸ್ ಒಬ್ಬರ ಕೈಯಲ್ಲೇ ಉಳಿದು ಮಿಕ್ಕವರು ಸುತ್ತ ನಿಂತು ನೋಡುವುದನ್ನು ಕಂಡು ಹುಟ್ಟಿದ ಯೋಚನೆ ಅದು. ಚೆಂದದ ಯೋಚನೆ. ಇಂಥ ಎಷ್ಟೋ ಪ್ರಯೋಗಗಳ ನಂತರ ಟೊಯಾಮ 2015ರ ತಮ್ಮ ಪುಸ್ತಕದಲ್ಲಿ ಬಂದು ನಿಂತ ನಿಲುವು ಇದು: ತಂತ್ರಜ್ಞಾನ ಇರುವುದನ್ನು ಹಿಗ್ಗಿಸುತ್ತದೆ. ಒಳ್ಳೆಯ ಶಿಕ್ಷಕರಿರುವ ಶಾಲೆಗೆ ಬಲ ಕೊಡುತ್ತದೆ, ಸೊರಗಿದ ಶಾಲೆಯನ್ನು ಎತ್ತಿ ನಿಲ್ಲಿಸುವುದಿಲ್ಲ.

ಹಾಗಾದರೆ ನಡೆದ ದಾರಿ ಯಾವುದೂ ಇಲ್ಲವೇ? ಇದೆ, ಪಕ್ಕದಲ್ಲೇ ಇದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿದಾಗ ಹೊರಗಿನ ಬೋಧಕರನ್ನು ನೆಚ್ಚಲಿಲ್ಲ. ಶಾಲೆಯ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ಮಾಸ್ಟರ್ ಟ್ರೇನರ್‌ಗಳನ್ನಾಗಿ ಮಾಡಿ, ಉಳಿದ ಶಿಕ್ಷಕರಿಗೆ ಅವರ ಕೈಯಿಂದಲೇ ಕಲಿಸಿತು. ದುಬಾರಿ ತಂತ್ರಾಂಶ ಬಿಟ್ಟು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು. 4,752 ಶಾಲೆಗಳ 45,000 ತರಗತಿಗಳು ಹೈಟೆಕ್ ಆದದ್ದು ಅದರ ನಂತರ. ಅಂದರೆ ಶಿಕ್ಷಕರನ್ನು ಸಿದ್ಧ ಮಾಡಲು ಹಿಡಿದ ವರ್ಷಗಳು ಮೊದಲು, ಗೋಡೆಗೆ ಪ್ರೊಜೆಕ್ಟರ್ ಬಿಗಿದದ್ದು ಆಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ಅಲ್ಲಿನ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ಕನ್ನಡದಲ್ಲಿ ಈ ಕೆಲಸ ಆಗದು ಎನ್ನುವವರು ಕುಂಬಳೆ, ಮಂಜೇಶ್ವರದ ಕಡೆ ಒಮ್ಮೆ ನೋಡಬೇಕು.

ಅಷ್ಟು ದೂರ ಹೋಗುವುದೂ ಬೇಡ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಬೋಧನಾ ಪದ್ಧತಿ ಹುಟ್ಟಿದ್ದು ಹೇಗೆ? ಅಲ್ಲಿನ ಸರ್ಕಾರಿ ಶಾಲೆಯ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಕಲಿಕೆಯ ಕಾರ್ಡುಗಳನ್ನು ನೋಡಿ, ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ತಿದ್ದಿದರು. ಆಮೇಲೆ ಪಕ್ಕದ ಶಾಲೆಯವರಿಗೆ ಹೇಳಿಕೊಟ್ಟರು. ಅದು ಆದೇಶವಾಗಿ ರಾಜ್ಯಕ್ಕೆಲ್ಲ ಹೋದಾಗ ಕಸುವು ಕಳೆದುಕೊಂಡಿತೆಂದು ಹೇಳುವವರಿದ್ದಾರೆ. ಆದರೆ ಮೂಲದಲ್ಲಿ ಅದು ಗಟ್ಟಿಯಾಗಿ ನಿಂತದ್ದು ಶಿಕ್ಷಕರು ಶಿಕ್ಷಕರಿಗೆ ಕೊಟ್ಟದ್ದರಿಂದ. ಡಿಜಿಟಲ್ ವಿಷಯದಲ್ಲೂ ನಮ್ಮಲ್ಲಿ ಇಂಥದೇ ಒಂದು ಕೆಲಸ ನಡೆದಿದೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಪ್ರೌಢಶಾಲೆಗಳಿಗೆ ‘ವಿಷಯ ಶಿಕ್ಷಕರ ವೇದಿಕೆ’ ಕಟ್ಟಿದವು. ಗಣಿತದ ಮೇಷ್ಟ್ರು ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಭುಜ ಎಳೆದು ಇನ್ನೊಂದು ಜಿಲ್ಲೆಯ ಗಣಿತದ ಮೇಷ್ಟ್ರಿಗೆ ಕಳಿಸುವುದು, ಅವರು ತಿದ್ದಿ ವಾಪಸು ಕಳಿಸುವುದು ನಡೆಯಿತು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರದಲ್ಲಿ ಕನ್ನಡದ ಪಾಠ ಸಾಮಗ್ರಿಗಳು ಬೆಳೆದವು. 2016-17ರಲ್ಲಿ ಬಂದ ‘ಟಾಲ್ಪ್’ ತರಬೇತಿ ಶಿಕ್ಷಕರ ಕೈಗೇ ಲ್ಯಾಪ್‌ಟಾಪ್ ಕೊಟ್ಟು, ಉಬುಂಟು, ಜಿಯೋಜೀಬ್ರಾ ಕಲಿಸಿತು. ಇಷ್ಟು ದಿನ ‘ಕಂಪ್ಯೂಟರ್ ಸರ್’ ಅವರದ್ದಾಗಿದ್ದ ಕೊಠಡಿಗೆ ವಿಷಯ ಶಿಕ್ಷಕರು ಕಾಲಿಟ್ಟದ್ದು ಆಗಲೇ.

ಆದರೆ ಇದೆಲ್ಲ ಬಹುತೇಕ ಪ್ರೌಢಶಾಲೆಯ ಮಾತು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಮಗು ಮೊದಲು ಕಾಲಿಡುವುದು ಕಿರಿಯ ಪ್ರಾಥಮಿಕ ಶಾಲೆಗೆ. ಮಳೆ ಕೈಕೊಟ್ಟು ಕಡಲೆಕಾಯಿ ಹಾಳಾದ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗುವ ನಾಡಿದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು. ಅವರಲ್ಲೊಬ್ಬರು ತಾಲ್ಲೂಕು ಕೇಂದ್ರದ ತರಬೇತಿಗೆ ಓಓಡಿ (ಅನ್ಯ ಕರ್ತವ್ಯ) ಮೇಲೆ ಹೋದರೆ, ಉಳಿದವರು ಐದೂ ತರಗತಿ ಹಿಡಿದು ಬಿಸಿಯೂಟವನ್ನೂ ನೋಡಿಕೊಳ್ಳಬೇಕು. ತರಬೇತಿಗೆ ಹೋದವರಿಗೆ ಮನಸ್ಸು ಶಾಲೆಯಲ್ಲೇ ಇರುತ್ತದೆ. ಹೊರಗಿನವರಿಗೆ ಈ ಸಂಕಟ ಅಷ್ಟಾಗಿ ಗೊತ್ತಾಗುವುದಿಲ್ಲ.

ಅದಕ್ಕೆ ಪರಿಹಾರವೆಂದು ಆನ್‌ಲೈನ್ ತರಬೇತಿ ಬಂತು. ‘ನಿಷ್ಠಾ’ 2019ರಲ್ಲಿ ಎದುರು ಬದುರಿನ ತರಬೇತಿಯಾಗಿ ಶುರುವಾಗಿ, ಕೊರೊನಾ ಕಾಲದಲ್ಲಿ 2020ರ ಅಕ್ಟೋಬರ್‌ನಿಂದ ದೀಕ್ಷಾ ವೇದಿಕೆಗೆ ಬಂತು. ಆಸಕ್ತರಿಗೆ ಅದರಿಂದ ಲಾಭವಾಗಿದೆ. ಆದರೆ ಕೊನೆಯ ದಿನಾಂಕ ಹತ್ತಿರ ಬಂದಾಗ ವಿಡಿಯೊ ಓಡಲು ಬಿಟ್ಟು ರಿಜಿಸ್ಟರ್ ತುಂಬುವುದೂ, ಒಲೆಯ ಮೇಲೆ ಅನ್ನ ಇಟ್ಟು ಫೋನಿನಲ್ಲಿ ಪಾಠ ಕೇಳುವುದೂ ಶಿಕ್ಷಕಿಯರ ಬದುಕಿನಲ್ಲಿ ನಡೆದೇ ನಡೆಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಯ ವೃತ್ತಿ ಕಲಿಕೆ ಇರಬೇಕೆನ್ನುತ್ತದೆ. ಆ ಗಂಟೆಗಳನ್ನು ಶಾಲೆಯ ಸಮಯದಿಂದ ಕೊಡಬೇಕು, ಟೀಚರ್ ಮನೆಯ ಸಮಯದಿಂದ ಕೀಳಬಾರದು. ಇದು ನ್ಯಾಯದ ಮಾತು.

ಇನ್ನೊಂದು ಹೊರೆಯೂ ಇದೆ. ಪ್ರಾಥಮಿಕ ಶಾಲೆಯಲ್ಲಿ ಫೋನು, ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ಪಾಠವಲ್ಲ, ಮಾಹಿತಿ ತುಂಬುವುದು. ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ, ಯು-ಡೈಸ್‌ನಲ್ಲಿ ಶಾಲೆಯ ವಿವರ, ಬಿಸಿಯೂಟದ ಲೆಕ್ಕ, ಗುಂಪಿನಲ್ಲಿ ‘ಇಂದು ಸಂಜೆಯೊಳಗೆ ಕಳಿಸಿ’ ಎಂಬ ಸಂದೇಶ. ಡೇಟಾ ಮೇಷ್ಟ್ರದ್ದೇ, ಫೋನೂ ಮೇಷ್ಟ್ರದ್ದೇ. ಪರದೆ ಎಂದರೆ ಕಚೇರಿಯ ಕಾಟ ಎಂದು ಅನುಭವ ಕಲಿಸಿದ ಮೇಲೆ, ಅದೇ ಪರದೆಯಿಂದ ಸಂತೋಷವಾಗಿ ಪಾಠ ಮಾಡಿ ಎಂದರೆ ಹೇಗಾದೀತು? ಡಿಜಿಟಲ್ ತರಬೇತಿಯ ಮೊದಲ ಹೆಜ್ಜೆಯಾಗಿ ಒಂದೇ ಮಾಹಿತಿಯನ್ನು ಎರಡು ಕಡೆ ತುಂಬಿಸುವುದನ್ನು ಇಲಾಖೆ ನಿಲ್ಲಿಸಬೇಕು. ಅದಾದರೆ ಅರ್ಧ ತರಬೇತಿ ಆದಂತೆ.

ಕನ್ನಡ ಟೈಪಿಂಗ್‌ನ ಮಾತೂ ಇಲ್ಲೇ ಬರಬೇಕು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕಚೇರಿಯಲ್ಲಿ ತಯಾರಾದ ಕಡತ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳುವವರಿದ್ದಾರೆ, ತನಗೇ ಬರುವುದಿಲ್ಲ ಎಂದು ಕುಗ್ಗುವವರೂ ಇದ್ದಾರೆ. ಯುನಿಕೋಡ್ ಅಕ್ಷರದಲ್ಲಿ ಬರೆದರೆ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ ಎಂಬ ಒಂದು ಸಂಗತಿಯನ್ನು ಸರಿಯಾಗಿ ಹೇಳಿಕೊಟ್ಟರೆ ಎಷ್ಟೋ ಭಯ ಹೋಗುತ್ತದೆ. 2017ರಲ್ಲಿ ಗೂಗಲ್ ಕನ್ನಡಕ್ಕೂ ಮಾತನಾಡಿ ಟೈಪಿಸುವ ಸೌಲಭ್ಯ ತಂದ ಮೇಲಂತೂ, ಕೀಲಿಮಣೆ ಮುಟ್ಟಲು ಅಳುಕುತ್ತಿದ್ದ ಹಿರಿಯ ಶಿಕ್ಷಕರು ಪ್ರಶ್ನೆಪತ್ರಿಕೆಯನ್ನು ಬಾಯಲ್ಲಿ ಹೇಳಿ ಬರೆಸಬಹುದು.

ಪಾವಗಡದ ಕಡೆಗೆ ಬಂದರೆ ಪ್ರಶ್ನೆ ಬೇರೆ. ಆಂಧ್ರ ಮೂರು ಕಡೆಯಿಂದ ಸುತ್ತುವರಿದ ತಾಲ್ಲೂಕದು. ಮನೆಯಲ್ಲಿ ತೆಲುಗಾಡುವ ಮಗು ಒಂದನೇ ತರಗತಿಯಲ್ಲಿ ಕನ್ನಡದ ನಲಿ-ಕಲಿ ಕಾರ್ಡು ಹಿಡಿಯುತ್ತದೆ. ಅಲ್ಲಿನ ಟೀಚರ್‌ಗೆ ಇಂಟರ್ನೆಟ್ಟಿನ ಪಾಠಕ್ಕಿಂತ ಫೋನಿನ ಧ್ವನಿಮುದ್ರಣವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಗು ಅಜ್ಜಿಯ ಕಥೆಯನ್ನು ತೆಲುಗಿನಲ್ಲಿ ಹೇಳಲಿ, ದಾಖಲಿಸಿ. ಅದೇ ಕಥೆಯನ್ನು ತರಗತಿಯೆಲ್ಲ ಸೇರಿ ಕನ್ನಡದಲ್ಲಿ ಕಟ್ಟಲಿ, ಮತ್ತೆ ದಾಖಲಿಸಿ. ತನ್ನ ದನಿಯನ್ನು ಕೇಳಿಸಿಕೊಂಡ ಮಗು ಎರಡನೇ ಸಲ ಇನ್ನಷ್ಟು ಚೆನ್ನಾಗಿ ಹೇಳುತ್ತದೆ. ಜೂನ್‌ನಲ್ಲಿ ಓದಿದ್ದನ್ನೂ ಡಿಸೆಂಬರ್‌ನಲ್ಲಿ ಓದಿದ್ದನ್ನೂ ಪೋಷಕರ ಸಭೆಯಲ್ಲಿ ಕೇಳಿಸಿದರೆ, ಅಕ್ಷರ ಬಾರದ ತಾಯಿಗೂ ಮಗು ಎಷ್ಟು ಕಲಿತಿದೆ ಎಂದು ಗೊತ್ತಾಗುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಡ.

ಕರೆಂಟಿನ ಮಾತು ಎತ್ತದೆ ಇರಲಾಗದು. ಇದೇ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ 13,000 ಎಕರೆಯಲ್ಲಿ 2,000 ಮೆಗಾವ್ಯಾಟ್ ಮೀರಿದ ಸೌರ ಉದ್ಯಾನವಿದೆ. ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟು ಕಟ್ಟಿದ್ದು. ಅಲ್ಲಿಂದ ಕಣ್ಣಳತೆಯ ದೂರದ ಪ್ರತಿ ಶಾಲೆಯ ಮೇಲೂ ಒಂದು ಸಣ್ಣ ಸೌರಫಲಕ, ಒಂದು ಒಳ್ಳೆಯ ಬ್ಯಾಟರಿ ಇರಬೇಕೆಂದು ಕೇಳುವುದು ಆ ಊರುಗಳ ಹಕ್ಕು. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿದ್ದು ಒಳ್ಳೆಯದಾಯಿತು. ಬಿಲ್ಲಿಗೆ ಹೆದರಿ ಕಂಪ್ಯೂಟರ್ ಮುಚ್ಚಿಡುವ ಕಾರಣ ಅದರಿಂದ ಇಲ್ಲವಾಗುತ್ತದೆ.

ಶಿಕ್ಷಕರಿಗೆ ಮನಸ್ಸಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ‘ವಿದ್ಯಾಗಮ’ ಕಾರ್ಯಕ್ರಮ ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಿದರು: ಫೋನೇ ಇಲ್ಲದವರು, ಸಾಮಾನ್ಯ ಫೋನಿರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇರುವವರು. ನಮ್ಮ ಶಿಕ್ಷಕರು ಮೂರೂ ಗುಂಪಿನ ಹಿಂದೆ ಹೋದರು. ಗುಡಿಯ ಜಗುಲಿಯಲ್ಲಿ, ಅರಳಿಕಟ್ಟೆಯಲ್ಲಿ ಕೂತು ಪಾಠ ಹೇಳಿದರು, ಧ್ವನಿಸಂದೇಶ ಕಳಿಸಿದರು, ಚಂದನ ವಾಹಿನಿಯ ಪಾಠದ ಸಮಯವನ್ನು ಮನೆಮನೆಗೆ ಹೇಳಿ ಬಂದರು. ಸೋಂಕು ಹರಡುವ ಆತಂಕದಲ್ಲಿ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಯಾವ ತರಬೇತಿಯೂ ಇಲ್ಲದೆ, ತಮ್ಮ ಫೋನು ತಮ್ಮ ದುಡ್ಡಿನಲ್ಲಿ ಅಷ್ಟು ಮಾಡಿದವರಿಗೆ ಸರಿಯಾದ ಆಸರೆ ಸಿಕ್ಕರೆ ಇನ್ನೆಷ್ಟು ಮಾಡಿಯಾರು!

ಆ ಆಸರೆಗೆ ಬೇಕಾದ ಜಾಗ ಈಗಾಗಲೇ ಇದೆ, ಅದೇ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಸುತ್ತಲಿನ ಶಾಲೆಗಳ ಶಿಕ್ಷಕರು ಅಲ್ಲಿ ಸೇರುತ್ತಾರೆ. ಸುತ್ತೋಲೆ ಓದುವುದರಲ್ಲಿ, ಮಾಹಿತಿ ಬಾಕಿ ಇರುವ ಶಾಲೆಗಳ ಹೆಸರು ಕೂಗುವುದರಲ್ಲಿ ಆ ಹೊತ್ತು ಕಳೆದುಹೋಗುತ್ತದೆ. ಸುತ್ತೋಲೆ ಫೋನಿಗೆ ಬರಲಿ. ಸಭೆಯಲ್ಲಿ ಒಬ್ಬ ಶಿಕ್ಷಕಿ ತಾನು ಆ ತಿಂಗಳು ಮಾಡಿದ ಒಂದು ಪಾಠವನ್ನು ತೋರಿಸಲಿ. ಕಗ್ಗಲಡಿನ ಹುಣಸೆಮರದಲ್ಲಿ ಗೂಡು ಕಟ್ಟಿದ ಬಣ್ಣದ ಕೊಕ್ಕರೆಗಳ ವಿಡಿಯೊ ಇಟ್ಟುಕೊಂಡು ಹಕ್ಕಿಗಳ ಪಾಠ ಮಾಡಿದ್ದರೆ ಅದು, ಮೈದನಹಳ್ಳಿಯ ಕೃಷ್ಣಮೃಗಗಳ ಚಿತ್ರ ತೋರಿಸಿದ್ದರೆ ಅದು. ಎಲ್ಲಿ ಮಕ್ಕಳು ಆಕಳಿಸಿದರು, ಎಲ್ಲಿ ಪ್ರಶ್ನೆ ಕೇಳಿದರು ಎಂದೂ ಹೇಳಲಿ. ಉಳಿದವರು ಅದನ್ನೇ ತಮ್ಮ ಶಾಲೆಯಲ್ಲಿ ಮಾಡಿ ಮುಂದಿನ ತಿಂಗಳು ಬಂದು ಮಾತಾಡಲಿ. ಮಧುಗಿರಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಹೀಗೆ ಬೆಳೆದ ಪಾಠಗಳನ್ನು ಕೂಡಿಸಿ, ನೆಟ್‌ವರ್ಕ್ ಇಲ್ಲದ ಶಾಲೆಗೂ ತಲುಪುವಂತೆ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ (ಸಿಆರ್‌ಪಿ) ಅಂಕಿಅಂಶ ಸಂಗ್ರಹದ ಕೆಲಸ ಇಳಿಸಿ, ತರಗತಿಯಲ್ಲಿ ಕೂತು ಜೊತೆಗೆ ಪಾಠ ಮಾಡುವ ಬಿಡುವು ಕೊಡಲಿ. ಎರಡು ವರ್ಷ ಹಿಡಿದರೂ ಹಿಡಿಯಲಿ.

ಓದುಗರಲ್ಲಿ ಹಳೆಯ ವಿದ್ಯಾರ್ಥಿಗಳಿದ್ದೀರಿ, ಎಸ್‌ಡಿಎಂಸಿ ಸದಸ್ಯರಿದ್ದೀರಿ, ಬೆಂಗಳೂರಿನಲ್ಲಿ ದುಡಿಯುತ್ತ ಊರ ಶಾಲೆಗೆ ಏನಾದರೂ ಮಾಡಬೇಕೆಂದು ಹಂಬಲಿಸುವವರಿದ್ದೀರಿ. ಸ್ಮಾರ್ಟ್ ಟಿವಿ ಕೊಡಿಸುವ ಮುನ್ನ ಒಂದು ದಿನ ಶಾಲೆಗೆ ಹೋಗಿ ಟೀಚರ್ ಜೊತೆ ಕೂತು, ಯಾವ ಪಾಠ ಮಕ್ಕಳಿಗೆ ಕಷ್ಟವಾಗುತ್ತಿದೆ ಎಂದು ಕೇಳಿ. ಅವರು ಹೇಳಿದ್ದಕ್ಕೆ ಬೇಕಾದ್ದನ್ನು ಮಾತ್ರ ಕೊಡಿ. ಬ್ಯಾಟರಿ ಬದಲಿಸುವ ದುಡ್ಡನ್ನೂ ಜೊತೆಗೆ ತೆಗೆದಿಡಿ. ಮರುವರ್ಷ ಮತ್ತೆ ಹೋಗಿ ಅವರನ್ನೇ ಕೇಳಿ.